ಗೌಡ ಮತ್ತು ಪಾಟೀಲ: ಲಿಖಿತ ಪದವಿಯೂ ಸಂಬೋಧನೆಯೂ

ಮುಧೋಳ-ಜಮಖಂಡಿಗಳ ಸೀಮೆಯಲ್ಲಿ ಬಿರುದೆಂದೊಡನೆ ರನ್ನನ ಕವಿಚಕ್ರವರ್ತಿ ಪದವಿಯೂ ಘೋರ್ಪಡೆ ಮನೆತನದ ಉಡದ ಐತಿಹ್ಯವೂ ನೆನಪಿಗೆ ಬರುವುದು ಸಹಜ. ಅವುಗಳ ಚರ್ಚೆ ಸಾಕಷ್ಟು ನಡೆದಿರುವುದರಿಂದ ಇಲ್ಲಿ ದಿನಬಳಕೆಯ ಎರಡು ಪದವಿಗಳನ್ನು ಮಾತ್ರ ವಿಚಾರಿಸುತ್ತೇನೆ.

ಊರೊಡೆಯನನ್ನು ಶಾಸನಗಳು ಗಾಮುಂಡ, ಗಾವುಂಡ ಎಂದವು. ಮರಾಠಿ ದಫ್ತರಗಳು ಪಾಟೀಲನೆಂದವು. ಮುಂಬಯಿ ಇಲಾಖೆಯ 1874ರ ವತನು ಕಾಯಿದೆ ಪಟೇಲನೆಂದಿತು. ಇಷ್ಟರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ 'ಪಾಟೀಲ' ಎಂಬುದು 'ಗೌಡ' ಶಬ್ದದ ಮರಾಠಿ ಪರ್ಯಾಯ ಮಾತ್ರವೆಂದು ಬಹುಕಾಲದಿಂದ ನಡೆದುಬಂದ ಮತವನ್ನು ನಾನು ಒಪ್ಪಲಾರೆ.

ಉತಾರದಲ್ಲಿ ಪಾಟೀಲನಾದವನೇ ಅಗಸಿಯ ಕಟ್ಟೆಗೆ ಬಂದೊಡನೆ "ಬರ್ರಿ ಗೌಡ್ರ" ಎನಿಸಿಕೊಳ್ಳುತ್ತಾನೆ; ಮರಾಠಾ ಸಂಸ್ಥಾನಗಳಾಗಿದ್ದ ಜಮಖಂಡಿ-ಮುಧೋಳಗಳಲ್ಲಿ ಹೇಗೋ, ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದ ಬೀಳಗಿಯಲ್ಲಿಯೂ ಹಾಗೆಯೇ. ಇದಕ್ಕಿಂತ ಬಲವಾದ ಸಾಕ್ಷ್ಯವು ಸ್ತ್ರೀರೂಪದಲ್ಲಿದೆ. ಗೌಡನ ಮಡದಿ 'ಗೌಡಸಾನಿ'. ಪಾಟೀಲನ ಮಡದಿಗೆ ಮರಾಠಿಯಲ್ಲಿ 'ಪಾಟಲೀಣ' ಎಂಬ ಮಾತಿದ್ದರೂ ಕನ್ನಡದ ಬಾಯಿ ಅದನ್ನು ಕೈಗೊಳ್ಳಲಿಲ್ಲ, ತನ್ನದೇ ರೂಪವೊಂದನ್ನು ಕಟ್ಟಲೂ ಇಲ್ಲ. ಪರಭಾಷೆಯ ಶಬ್ದವಾದುದರಿಂದ ಹೀಗಾಯಿತೆನ್ನುವಂತಿಲ್ಲ. ರಬಕವಿ-ಬನಹಟ್ಟಿಯ ಮಗ್ಗದ ಓಣಿಗಳಲ್ಲಿ ಕೇಳಿಬರುವ 'ಸಾವಕಾರ'ವೂ ಹೊರಗಿನಿಂದ ಬಂದುದೇ, ಆದರೂ 'ಸಾವಕಾರ್ತಿ' ಎಂಬುದು ನಮಗೆ ಸಲೀಸಾಗಿದೆ. ಆದ್ದರಿಂದ 'ಪಾಟೀಲ' ಅಧಿಕಾರದ ಹೆಸರು, 'ಗೌಡ' ಮನೆತನದ ಹೆಸರು ಎಂದು ಹೇಳಲು ನಾನು ಧೈರ್ಯ ಮಾಡುತ್ತೇನೆ.

ಈ ಮಾತನ್ನು ಮಿತಿಯರಿತೇ ಹೇಳಬೇಕು. ಕಚೇರಿ-ಶಾಲೆಗಳಲ್ಲಿ "ಪಾಟೀಲ್ರ" ಎಂದು ಕರೆಯುವುದುಂಟು. 'ಪಾಟೀಲಕಿ'ಯಂತೆ 'ಗೌಡಕಿ'ಯೂ ಅಧಿಕಾರವಾಚಕವೇ. 10ನೆಯ ಶತಮಾನದ ಆದಿಯಲ್ಲಿ ನಾಗರಖಂಡದ ಜಕ್ಕಿಯಬ್ಬೆ ಪತಿಯ ಮರಣಾನಂತರ ನಾಳ್ಗಾವುಂಡತನವನ್ನು ಸ್ವತಃ ನಡೆಸಿದುದನ್ನು ನೆನೆದರೆ, ಮೊದಲಿಗೆ 'ಗಾವುಂಡ'ವೂ ಅಧಿಕಾರದ ಹೆಸರೇ ಆಗಿತ್ತೆಂಬುದು ನಿಸ್ಸಂದೇಹ. ನನ್ನ ವಾದವು ಮೂಲಾರ್ಥಕ್ಕೆ ಸಂಬಂಧಿಸಿದುದಲ್ಲ. ದಫ್ತರದ ಹೊಸ ಹೆಸರು ಅಧಿಕಾರದ ಭಾರವನ್ನು ಹೊತ್ತ ಮೇಲೆ, ಹಳೆಯ ಹೆಸರು ಹಗುರಾಗಿ ಅಂಗಳಕ್ಕೂ ಅಡುಗೆಮನೆಗೂ ಇಳಿಯಿತೆಂಬುದಷ್ಟೇ ನನ್ನ ಊಹೆ. 1961ರ ಕಾಯಿದೆ ಗ್ರಾಮಾಧಿಕಾರಗಳನ್ನು ಕಿತ್ತುಹಾಕಿದ ತರುವಾಯವೂ ಗೌಡಸಾನಿ ಗೌಡಸಾನಿಯಾಗಿಯೇ ಉಳಿದುದು ಈ ಊಹೆಗೆ ಹೊಂದುತ್ತದೆ.

ಹೊಂದದಿರುವುದು ಕುಲಕರ್ಣಿಯ ಸಂಗತಿ. ಕಾಗದದಲ್ಲಿ ಕುಲಕರ್ಣಿಯಾದವನು ಕಟ್ಟೆಯ ಮೇಲೂ "ಕುಲಕರ್ಣ್ಯಾರ" ಆಗಿಯೇ ಉಳಿದಿದ್ದಾನೆ. ಲೆಕ್ಕಪತ್ರವೇ ಅವನ ಅಧಿಕಾರದ ನೆಲೆಯಾದುದರಿಂದ ಬರೆಹದ ಹೆಸರು ನಾಲಗೆಗೂ ಇಳಿಯಿತೋ, ಅದೇ ಹುದ್ದೆಯ ಇನ್ನೊಂದು ಹೆಸರಾದ 'ಶಾನುಭಾಗ' ಶಬ್ದವು ಈ ಸೀಮೆಯಲ್ಲಿ ಎಂದೂ ಬೇರೂರಿರಲಿಲ್ಲವೋ, ಮನೆಮನೆಯ ಮೋಡಿ ಲಿಪಿಯ ಕಾಗದಗಳನ್ನು ಓದಿದಲ್ಲದೆ ಹೇಳಲಾಗದು.