ಬಿದ್ದ ಮೇಲೆ ಮತ್ತೆ ಸೈಕಲ್: ಎರೆ ಸೀಮೆಯ ರಸ್ತೆಗೆ ಯಾವುದು ಸರಿ?

ಸೈಕಲ್‌ನಿಂದ ಬಿದ್ದವರಿಗೆ ನಮ್ಮ ಕಡೆ ಎರಡೇ ಸಲಹೆ ಸಿಗೋದು. ಒಂದು, ‘ಅಂಜಬ್ಯಾಡ, ಹತ್ತು’. ಇನ್ನೊಂದು, ‘ಸಾಕ್ ಬಿಡು, ಒಂದ್ ಗಾಡಿ ತಗೊ’. ಎರಡೂ ಹೆದರಿಕೆಯನ್ನು ಬಿದ್ದವರ ತಲೆಯೊಳಗಿನ ಸಮಸ್ಯೆ ಅಂತಲೇ ಹಿಡಿಯುತ್ತವೆ. ನಾನು ಒಪ್ಪಲ್ಲ. ಆ ಹೆದರಿಕೆಯಲ್ಲಿ ದೊಡ್ಡ ಪಾಲು ರಸ್ತೆಯ ಬಗ್ಗೆ ಮೈ ಕಲಿತುಕೊಂಡ ಮಾಹಿತಿ. ಅದನ್ನು ಬಿಡಿಸಿ ನೋಡಿದರೆ ಯಾವ ಸೈಕಲ್ ಬೇಕು ಅನ್ನೋದೂ ಅಲ್ಲೇ ಸಿಗುತ್ತದೆ.

ನವಲಗುಂದ ತಾಲ್ಲೂಕಿನ ಮೊರಬವನ್ನೇ ತಗೊಳ್ಳಿ. ಸುತ್ತ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ಹಾಕಿದ ಡಾಂಬರಿನ ಅಂಚು ಮೊದಲು ಒಡೆಯುತ್ತದೆ, ಪಕ್ಕದ ಮಣ್ಣು ಕೆಳಗೆ ಕೂರುತ್ತದೆ. ಒಂಟಿ ಪಥದ ಗ್ರಾಮೀಣ ರಸ್ತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಡಾಂಬರಿನ ಅಗಲ 3.75 ಮೀಟರ್. ಬಸ್ಸಿನ ಅಗಲ 2.6 ಮೀಟರ್‌ವರೆಗೆ ಇರಬಹುದು. ಉಳಿಯೋದು 1.15 ಮೀಟರ್. ಹ್ಯಾಂಡಲ್, ಅಲುಗಾಟ ಸೇರಿ ಸೈಕಲ್‌ಗೇ ಒಂದು ಮೀಟರ್ ಬೇಕು. ಬಸ್ಸೋ, ಹತ್ತಿ ಹೇರಿದ ಟ್ರ್ಯಾಕ್ಟರೋ ಬಂದಾಗ ಯಾರು ಕೆಳಗಿಳಿಯಬೇಕು ಅನ್ನೋದನ್ನು ರಸ್ತೆಯ ಲೆಕ್ಕವೇ ತೀರ್ಮಾನಿಸಿಬಿಟ್ಟಿದೆ. ಹಾಗೆ ಇಳಿದು ಮತ್ತೆ ಮೇಲೆ ಹತ್ತುವಾಗಲೇ ನನ್ನ ಕಾಲರ್ ಬೋನ್ ಮುರಿದದ್ದು.

ಇದರಲ್ಲಿ ಒಂದು ಮೆಕ್ಯಾನಿಕ್ಸ್ ಇದೆ. ಓಡುವ ಸೈಕಲ್ ಬೀಳದೆ ಇರೋದು ಹ್ಯಾಂಡಲ್ ಸಣ್ಣಗೆ ಆಚೀಚೆ ತಿರುಗುತ್ತಲೇ ಇರೋದರಿಂದ. ಮುಂದಿನ ಗಾಲಿ ಡಾಂಬರಿನ ಅಂಚಿಗೆ ಉಜ್ಜಿಕೊಂಡು ಹೋದರೆ ಆ ತಿರುಗಾಟ ಬಂದ್: ಮೈ ಬಲಕ್ಕೆ, ಗಾಲಿ ಎಡಕ್ಕೆ. ಅಂಚನ್ನು ಓರೆಯಾಗಿ ಹತ್ತಬಾರದು. ವೇಗ ಇಳಿಸಿ, ಆದಷ್ಟು ಅಡ್ಡಲಾಗಿ, ಗಾಲಿ ಅಂಚಿಗೆ ಎದುರಾಗುವಂತೆ ದಾಟಬೇಕು. ಜಾಗ ಇಲ್ಲವಾ, ನಿಂತು, ಇಳಿದು, ಎತ್ತಿ ಇಡಿ.

ಧೈರ್ಯ ವಾಪಸ್ ಬರೋದು ಇಂಥ ಸಣ್ಣ ಕೌಶಲಗಳಿಂದ. ಡಾಕ್ಟರ್ ಒಪ್ಪಿದ ಮೇಲೆ, ಅದರಲ್ಲೂ ತಲೆಗೆ ಪೆಟ್ಟಾಗಿದ್ದರೆ, ಶಾಲೆಯ ಬಯಲಿನಿಂದ ಶುರು ಮಾಡಿ. ಸೀಟ್ ಇಳಿಸಿ, ಎರಡೂ ಪಾದ ನೆಲಕ್ಕೆ ಊರುವಷ್ಟು. ಎರಡೂ ಬ್ರೇಕ್ ಹಿಡಿದು ನಿಲ್ಲಿಸೋದು, ಬಲಭುಜದ ಮೇಲಿಂದ ಹಿಂದೆ ನೋಡಿದರೂ ಹ್ಯಾಂಡಲ್ ಹೊರಳದಂತೆ ಹೋಗೋದು, ಒಂದು ಗಿಡ್ಡ ಅಂಚು ಹತ್ತೋದು. ಆಮೇಲೆ ಬೆಳಗಿನ ಖಾಲಿ ರಸ್ತೆ, ಜೊತೆಗೊಬ್ಬರು. ಬಿದ್ದ ಜಾಗಕ್ಕೆ ಮೊದಲು ನಡೆದುಕೊಂಡೇ ಹೋಗಿ. ಒಂದು ಹಂತದಲ್ಲಿ ಎದೆಬಡಿತ ಇಳಿಯುವ ತನಕ ಮುಂದಿನದು ಬೇಡ. ತಿಂಗಳು ಕಳೆದರೂ ಕನಸಿನಲ್ಲಿ ಅದೇ ಸದ್ದು, ಆ ದಾರಿ ನೆನೆದರೇ ನಡುಕ ಅಂದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ; ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಪುಕ್ಕಟೆ ಕರೆ ಮಾಡಬಹುದು.

ಈಗ ಸೈಕಲ್. ಮೊದಲು ಬಿದ್ದದ್ದನ್ನೇ ನೋಡಿ. ಪೆಡಲ್ ಮೇಲಿನ ಪಾದ ಮುಂದಿನ ಗಾಲಿಗೆ ಹೊಸದಾಗಿ ತಾಗುತ್ತಿದ್ದರೆ ಫೋರ್ಕ್ ಹಿಂದಕ್ಕೆ ಬಾಗಿದೆ. ಹ್ಯಾಂಡಲ್ ಬುಡದ ವೆಲ್ಡಿಂಗ್ ಹತ್ತಿರ ಬಣ್ಣ ಸುಕ್ಕಾಗಿದ್ದರೆ ಫ್ರೇಮ್ ಹೋಯಿತು ಅಂತಲೇ ತಿಳಿಯಿರಿ. ಅಲ್ಯೂಮಿನಿಯಂ ಆದರೆ ‘ಬಡಿದು ಸರಿ ಮಾಡ್ತೀನಿ’ ಅನ್ನೋ ಮಾತು ಕೇಳಲೇಬೇಡಿ. ಮತ್ತೆ ಬಗ್ಗಿಸಿದ ಜಾಗದಲ್ಲೇ ಅದು ಒಡೆಯೋದು.

ಹೊಸದಾದರೆ ನೆಟ್ಟಗೆ ಕೂತು ದೂರ ನೋಡುವ ಹ್ಯಾಂಡಲ್ ಇರಲಿ. ಟೂರ್ ದ ಫ್ರಾನ್ಸ್ ಗೆದ್ದಿದ್ದ ಕೊಲಂಬಿಯಾದ ಏಗನ್ ಬೆರ್ನಾಲ್ 2022ರ ಜನವರಿಯಲ್ಲಿ ಬಾಗಿ ಓಡಿಸುವ ಟೈಮ್ ಟ್ರಯಲ್ ಸೈಕಲ್ ಮೇಲೆ ಅಭ್ಯಾಸ ಮಾಡುತ್ತಾ ನಿಂತ ಬಸ್ಸಿಗೇ ಗುದ್ದಿದ್ದರು. ಆಗಸ್ಟ್‌ನಲ್ಲಿ ರೇಸಿಗೆ ಮರಳಿದರು, ಅದು ಬೇರೆ ಮಾತು. ಅವರ ಹಿಂದೆ ಒಂದು ತಂಡವೇ ಇತ್ತು. ಟೈರ್ 38ರಿಂದ 50 ಮಿಲಿಮೀಟರ್ ಅಗಲದ್ದಿರಲಿ, ಸಣ್ಣ ಗಾಡಿರಸ್ತೆಗೂ ಆಗುತ್ತದೆ. ಮಡ್‌ಗಾರ್ಡ್‌ಗೂ ಟೈರ್‌ಗೂ ನಡುವೆ ಬೆರಳು ಆಡುವಷ್ಟು ಸಂದು ಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಎರೆ ಕಚ್ಚಿಕೊಂಡು ಗಾಲಿಯೇ ತಿರುಗದು. ಕೆಳಗೆ ಬಾಗಿದ ಫ್ರೇಮ್ ತಗೊಳ್ಳಿ, ಥಟ್ಟನೆ ಕಾಲೂರಬಹುದು. ಅದು ‘ಲೇಡೀಸ್ ಸೈಕಲ್’ ಅನ್ನೋ ಗಂಡಸರ ಮಾತಿಗೆ ಕಾಲರ್ ಬೋನ್‌ಗಿಂತ ಹೆಚ್ಚಿನ ಬೆಲೆ ಕೊಡಬೇಕಿಲ್ಲ. ಹಳೇ ಸರಳು ಬ್ರೇಕ್, ಸ್ಟೀಲ್ ರಿಮ್ ಒದ್ದೆಯಾದರೆ ಜಾರುತ್ತದೆ. ಅಲಾಯ್ ರಿಮ್, ಕೇಬಲ್ ಬ್ರೇಕ್ ಆದರೆ ಊರಿನ ಪಂಕ್ಚರ್ ಅಂಗಡಿಯಲ್ಲೇ ರಿಪೇರಿ. ಕಡಿಮೆ ಬೆಲೆಯ ಸಸ್ಪೆನ್ಷನ್ ಬರೀ ಭಾರ. ಬಯಲು ಸೀಮೆಗೆ ಗೇರ್ ಕಡ್ಡಾಯ ಅಲ್ಲ. ಕನ್ನಡಿ ಮಾತ್ರ ಬೇಕೇ ಬೇಕು, ಬಲಗಡೆ.

ಗುದ್ದಿದ ವಾಹನ ಪತ್ತೆಯಾಗದಿದ್ದರೂ ಪೊಲೀಸ್ ದೂರು ಕೊಡಿ. 2022ರ ಏಪ್ರಿಲ್‌ನಿಂದ ಹಿಟ್ ಅಂಡ್ ರನ್ ಪರಿಹಾರ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ.

2006-07ರಲ್ಲಿ ಶುರುವಾದ ಉಚಿತ ಸೈಕಲ್ ಯೋಜನೆ ಎಂಟನೇ ಕ್ಲಾಸಿನ ಹುಡುಗಿಯರನ್ನು ರಸ್ತೆಗೆ ತಂದಿತು, ಕೋವಿಡ್ ಕಾಲಕ್ಕೆ ನಿಂತಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ ಇದೆ, ಆದರೆ ಬಸ್ಸಿಗೆ ಅದರದೇ ಟೈಮು. ಒಂದು ಸಲ ಬಿದ್ದ ಹುಡುಗಿಯ ಸೈಕಲ್ ಅಟ್ಟ ಸೇರಿದರೆ ಆಕೆಯ ಸಂಜೆಯ ಕ್ಲಾಸೂ ಅಲ್ಲೇ ಸೇರುತ್ತದೆ. ಸೈಕಲ್ ಹಂಚಿದ ಸರ್ಕಾರಗಳು ಯಾವುವೂ ಅಂಚಿನ ಬಗ್ಗೆ ಯೋಚಿಸಲಿಲ್ಲ. ಗ್ರಾಮಸಭೆಯಲ್ಲಿ ಹೊಸ ರಸ್ತೆ ಕೇಳುವ ಮೊದಲು ಇದನ್ನು ಬರೆಸಿ: ಇರುವ ರಸ್ತೆಯ ಎರಡೂ ಬದಿಗೆ ಎರೆಮಣ್ಣಲ್ಲ, ಗರಸು ಹಾಕಿ, ರೋಲರ್ ಹೊಡೆದು, ಡಾಂಬರಿನ ಸಮಕ್ಕೆ ತರಬೇಕು, ಪ್ರತಿ ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ.