ಚೇಳಿನ ಕಡಿತ ಮತ್ತು ಹತ್ತದ ಅರಿವಳಿಕೆ

ಸೊರಡಿ ಎಂಬ ಊರು ಸೇರಿದ ಜತ್ತ ತಾಲ್ಲೂಕು ಮಳೆ ಕಡಿಮೆ, ಕಲ್ಲು ಹೆಚ್ಚು ಇರುವ ಸೀಮೆ. ಇಂಥ ನೆಲದಲ್ಲಿ ಬದು ಹಾಕುವವರಿಗೆ, ಕಲ್ಲು ಎತ್ತುವವರಿಗೆ ಚೇಳು ಹೊಸದಲ್ಲ. ಹೀಗಾಗಿ ಅರಿವಳಿಕೆ ತಜ್ಞರಲ್ಲಿ ಚರ್ಚೆಯಾಗುತ್ತಿರುವ ಒಂದು ಪ್ರಶ್ನೆ ಈ ಸೀಮೆಗೂ ಸೇರಿದ್ದು. ಮೇಲಿಂದ ಮೇಲೆ ಚೇಳು ಕಡಿಸಿಕೊಂಡವರಿಗೆ ಬೆನ್ನಿಗೆ ಕೊಡುವ ಅರಿವಳಿಕೆ ಇಂಜೆಕ್ಷನ್ ಹತ್ತುವುದಿಲ್ಲವೇ? ಹತ್ತುವುದಿಲ್ಲವೆಂದು ಸೂಚಿಸಿದ ಅಧ್ಯಯನವೊಂದು 2012ರಲ್ಲಿ ಇಂಡಿಯನ್ ಜರ್ನಲ್ ಆಫ್ ಅನಸ್ತೀಸಿಯಾದಲ್ಲಿ ಬಂತು.

ನೋವಿನ ಸಂಕೇತ ಸಾಗಬೇಕಾದರೆ ನರತಂತುವಿನ ಪೊರೆಯಲ್ಲಿರುವ ಸೋಡಿಯಂ ನಾಳಗಳು ತೆರೆಯಬೇಕು. ಲಿಗ್ನೊಕೇನ್, ಬುಪಿವಕೇನ್‌ನಂಥ ಅರಿವಳಿಕೆ ಮದ್ದುಗಳು ಅವನ್ನು ಕಟ್ಟುವುದು ಒಳಬದಿಯಿಂದ. ಅದಕ್ಕೆ ಮೊದಲು ಔಷಧದ ಅಣು ವಿದ್ಯುದಂಶವಿಲ್ಲದ ರೂಪದಲ್ಲಿ ಪೊರೆ ದಾಟಬೇಕು. ಲಿಗ್ನೊಕೇನ್‌ನ ಪಿಕೆಎ, ಅಂದರೆ ಅರ್ಧದಷ್ಟು ಅಣುಗಳು ಆ ರೂಪದಲ್ಲಿರುವ ಪಿಎಚ್, 7.9; ದೇಹದ ಪಿಎಚ್ 7.4ರಲ್ಲಿ ಸುಮಾರು ಕಾಲು ಭಾಗವಷ್ಟೇ ಆ ರೂಪದಲ್ಲಿರುತ್ತದೆ. ಕೀವು ತುಂಬಿದ ಜಾಗ ಇನ್ನೂ ಆಮ್ಲೀಯ. ಅಲ್ಲಿ ಮದ್ದು ಸರಿಯಾಗಿ ಹತ್ತದಿರಲು ಇದೂ ಒಂದು ಕಾರಣ. ಚೇಳಿನ ಆಲ್ಫಾ ವಿಷವಾದರೋ ಅದೇ ನಾಳಕ್ಕೆ ಹೊರಬದಿಯಿಂದ ಅಂಟಿ, ತೆರೆದದ್ದು ಬೇಗ ಮುಚ್ಚದಂತೆ ಹಿಡಿಯುತ್ತದೆ.

ವಿಷದ ವಿರುದ್ಧ ಹುಟ್ಟಿದ ಪ್ರತಿಕಾಯಗಳೇ ಮದ್ದಿಗೂ ಅಡ್ಡಬರುತ್ತವೆ ಎಂಬುದು ಒಂದು ಊಹೆ. ನನಗೆ ಇದು ದುರ್ಬಲವೆನಿಸುತ್ತದೆ. ಆಲ್ಫಾ ವಿಷ ಅರವತ್ತಕ್ಕೂ ಹೆಚ್ಚು ಅಮೈನೋ ಆಮ್ಲಗಳ ಸರಪಳಿ. ಲಿಗ್ನೊಕೇನ್‌ನ ಅಣುಭಾರ ಬರೀ 234. ಎರಡಕ್ಕೂ ಆಕಾರದ ಹೋಲಿಕೆಯಿಲ್ಲ, ಅಂಟುವ ಜಾಗವೂ ಬೇರೆ. ಅಲ್ಲದೆ ಚೇಳು ಕಡಿದಾಗ ಉರಿ ತಗ್ಗಿಸಲು ವೈದ್ಯರು ಆ ಜಾಗಕ್ಕೆ ಕೊಡುವುದೂ ಲಿಗ್ನೊಕೇನನ್ನೇ. ಮೊದಲ ಕಡಿತದ ಆ ಅನುಭವ ಹಲವು ಕಡಿತಗಳ ನಂತರದ ಸ್ಥಿತಿಗೆ ಪುರಾವೆಯಾಗದು, ನಿಜ. ಇನ್ನೊಂದು ಊಹೆಯಂತೆ, ಪದೇ ಪದೇ ಕಡಿತದಿಂದ ನಾಳಗಳ ಸಂಖ್ಯೆಯೋ ರಚನೆಯೋ ಕಾಲಕ್ರಮದಲ್ಲಿ ಬದಲಾಗುತ್ತದೆ ಎನ್ನುವುದಾದರೆ ಅದನ್ನು ಪರೀಕ್ಷಿಸಬಹುದು.

ಬೆನ್ನಿನ ಇಂಜೆಕ್ಷನ್ ಕೈಕೊಡಲು ಸೂಜಿ ಸರಿದದ್ದು, ಬೆನ್ನುಹುರಿಯ ದ್ರವದ ಪ್ರಮಾಣ, ಮದ್ದು ಹರಡಿದ ರೀತಿ ಇವೂ ಸಾಕು. ಅದಕ್ಕೇ ಪರೀಕ್ಷೆ ಬೆನ್ನಿನಿಂದ ಆರಂಭವಾಗಬಾರದು. ಚೇಳು ಕಡಿಸಿಕೊಂಡವರಿಗೂ ಕಡಿಸಿಕೊಳ್ಳದವರಿಗೂ ಮುಂಗೈ ಚರ್ಮದಡಿ ಅಳತೆಯ ಲಿಗ್ನೊಕೇನ್ ಕೊಟ್ಟು, ಯಾರಿಗೆ ಚೇಳು ಕಡಿದಿತ್ತೆಂದು ತಿಳಿಯದವರಿಂದ ಮರಗಟ್ಟುವಿಕೆಯನ್ನು ಅಳೆಸಬೇಕು. ಅಲ್ಲಿ ವ್ಯತ್ಯಾಸ ಕಾಣದಿದ್ದರೆ ನಾಳವೇ ಬದಲಾಗಿದೆ ಎಂಬ ವಾದ ಸಡಿಲವಾಗುತ್ತದೆ.

ಅಲ್ಲಿಯವರೆಗೆ ರೋಗಿಯನ್ನು ಚೇಳಿನ ಬಗ್ಗೆ ಕೇಳಿ ಬರೆದಿಟ್ಟುಕೊಳ್ಳುವುದು ಸರಿ, ಪ್ರಮಾಣ ಏರಿಸುವುದು ಸರಿಯಲ್ಲ. ಅಡ್ರಿನಲಿನ್ ಬೆರೆಸದ ಲಿಗ್ನೊಕೇನಿಗೆ ರೂಢಿಯ ಮಿತಿ ಕಿಲೋಗೆ 4.5 ಮಿಲಿಗ್ರಾಂ, ಐವತ್ತು ಕಿಲೋದವರಿಗೆ 2 ಪ್ರತಿಶತ ದ್ರಾವಣ ಹನ್ನೊಂದು ಮಿಲಿಲೀಟರ್ ದಾಟುತ್ತಲೇ ಮುಗಿಯಿತು. ನರ ಮರಗಟ್ಟದಿದ್ದರೂ ರಕ್ತಕ್ಕೆ ಸೇರಿದ ಮದ್ದು ಮೆದುಳನ್ನೂ ಹೃದಯವನ್ನೂ ಮುಟ್ಟುತ್ತದೆ.