ಜೂಜಿಗೊಂದು ಜಾಗ

2023ರ ಬೇಸಿಗೆಯಲ್ಲಿ ನನಗೊಂದು ಅನುವಾದದ ಕೆಲಸ ಬಂತು. ರಮ್ಮಿ ಆಟದ ಒಂದು ಆ್ಯಪ್‌ಗೆ ಕನ್ನಡ ಮುಖ ಕೊಡಬೇಕು. ಸುಮಾರು ನಾನೂರು ಸಾಲು, ಹೆಚ್ಚಿನವು ಎರಡು-ಮೂರು ಪದಗಳವು: ‘ಆಟ ಶುರು ಮಾಡಿ’, ‘ಹಣ ಸೇರಿಸಿ’, ‘ಮತ್ತೊಮ್ಮೆ ಪ್ರಯತ್ನಿಸಿ’. ಜೊತೆಗೆ ಬಂದ ಪದಪಟ್ಟಿಯಲ್ಲಿ ಬಳಸಬಾರದ ಪದಗಳ ಒಂದು ಅಂಕಣವಿತ್ತು. ಅದರ ಮೊದಲನೆಯ ಪದ ‘ಜೂಜು’. ‘ಪಣ’ ಕೂಡ ಬೇಡ, ‘ಬಾಜಿ’ ಬೇಡವೇ ಬೇಡ. ‘ಕೌಶಲ’ ಎಂಬ ಪದವನ್ನು ಮಾತ್ರ ಎಷ್ಟು ಸಲ ಬೇಕಾದರೂ ಹಾಕಬಹುದಿತ್ತು.

ಕೊನೆಯ ಸಾಲುಗಳಲ್ಲೊಂದು ಹೀಗಿತ್ತು: ನೀವು ಈ ಕೆಳಗಿನ ರಾಜ್ಯಗಳಲ್ಲಿದ್ದರೆ ಹಣವಿಟ್ಟು ಆಡುವಂತಿಲ್ಲ. ಪಟ್ಟಿಯಲ್ಲಿ ತಮಿಳುನಾಡು ಇತ್ತು, ಕರ್ನಾಟಕ ಇರಲಿಲ್ಲ. ನಾನು ಕೂತಿದ್ದು ಚೆನ್ನೈನ ಪೆರುಂಗುಡಿಯಲ್ಲಿ. ಹಾಗಾಗಿ ನಾನೇ ಆಡಲಾಗದ ಒಂದು ಆಟಕ್ಕೆ, ಅದನ್ನು ಆಡಬಹುದಾದ ನನ್ನೂರಿನವರಿಗಾಗಿ, ಪದ ಹುಡುಕುತ್ತಾ ಎರಡು ದಿನ ಕಳೆದೆ. ಕೆಲಸ ಮುಗಿಸಿದೆ, ದುಡ್ಡೂ ಬಂತು. ಅದನ್ನು ಮುಚ್ಚಿಟ್ಟು ಈ ಪ್ರಬಂಧ ಬರೆಯುವುದು ಸರಿಯಲ್ಲ ಅನ್ನಿಸಿ ಮೊದಲೇ ಹೇಳಿದ್ದೇನೆ.

ಆದರೆ ಆ ಪಟ್ಟಿ ತಲೆಯಲ್ಲಿ ಉಳಿಯಿತು. ಒಂದೇ ಆಟ, ಒಂದೇ ಎಲೆಗಳು. ಹೊಸೂರಿನ ಆಚೆ ಕೌಶಲ, ಈಚೆ ಅಪರಾಧ. ಜೂಜು ಒಳ್ಳೆಯದೋ ಕೆಟ್ಟದ್ದೋ ಎಂದು ನಾವು ವಾದಿಸುತ್ತೇವೆ. ಆದರೆ ರಾಜ್ಯ ನಡೆಸಿದವರಿಗೆ ಆ ಪ್ರಶ್ನೆಗಿಂತ ಮುಖ್ಯವಾಗಿದ್ದದ್ದು ಇನ್ನೊಂದು: ಅದು ಎಲ್ಲಿ ನಡೆಯಬೇಕು?

ಕ್ಯಾಸಿನೊ ಅನ್ನುವ ಪದವೇ ಜಾಗದ ಹೆಸರು. ಇಟಲಿಯ ಭಾಷೆಯಲ್ಲಿ ‘ಕಾಸಾ’ ಅಂದರೆ ಮನೆ, ‘ಕ್ಯಾಸಿನೊ’ ಅಂದರೆ ಪುಟ್ಟ ಮನೆ. ಕನ್ನಡದಲ್ಲೂ ಆಟಕ್ಕೂ ಮನೆಗೂ ನಂಟಿದೆ. ಚೌಕಾಬಾರದ ಒಂದೊಂದು ಚೌಕವೂ ‘ಮನೆ’. ಕಾಯಿ ನಡೆಸುವುದು ಮನೆಯಿಂದ ಮನೆಗೆ. ‘ಜೂಜು’ ಸಂಸ್ಕೃತದ ‘ದ್ಯೂತ’ ಪ್ರಾಕೃತದ ದಾರಿ ಹಿಡಿದು ನಮ್ಮಲ್ಲಿಗೆ ಬಂದ ರೂಪ. ತಮಿಳಿನ ‘ಸೂದು’ ಅದರ ಅಣ್ಣನೋ ತಮ್ಮನೋ. ಹಳಗನ್ನಡದಲ್ಲಿ ಪಗಡೆಯಾಟಕ್ಕೆ ‘ನೆತ್ತ’ ಎಂಬ ಪದವೂ ಇತ್ತು. ಈಗ ಅದು ನಿಘಂಟಿನಲ್ಲಿ ಮಲಗಿದೆ.

ಕೌಟಿಲ್ಯನ ಅರ್ಥಶಾಸ್ತ್ರಕ್ಕೆ ಹೋಗೋಣ. ಅಲ್ಲಿ ದ್ಯೂತಾಧ್ಯಕ್ಷ ಎಂಬ ಅಧಿಕಾರಿ ಇದ್ದಾನೆ. ಅವನಿಗೆ ಹೇಳಿರುವ ಮೊದಲ ಕೆಲಸವೇ ಜೂಜನ್ನು ‘ಏಕಮುಖ’ ಮಾಡುವುದು, ಅಂದರೆ ಒಂದೇ ಬಾಗಿಲಿನ ಕೆಳಗೆ ತರುವುದು. ಬೇರೆಡೆ ಆಡಿದವನಿಗೆ 12 ಪಣ ದಂಡ. ಕಾರಣ ನೀತಿಯದ್ದಲ್ಲ, ಪೊಲೀಸಿನದ್ದು: ಕದ್ದುಮುಚ್ಚಿ ಬದುಕುವವರು ಯಾರೆಂದು ಗೊತ್ತಾಗಲಿ ಎಂದು. ಕಳ್ಳನ ಕೈಗೆ ದುಡ್ಡು ಬಂದರೆ ಅವನು ಹೋಗುವುದು ಜೂಜಿನ ಕಟ್ಟೆಗೆ. ಕಟ್ಟೆ ಒಂದೇ ಇದ್ದರೆ ಕಾಯುವುದು ಸುಲಭ. ಗೆದ್ದ ಹಣದಲ್ಲಿ ನೂರಕ್ಕೆ ಐದು ಅಧ್ಯಕ್ಷನ ಪಾಲು. ದಾಳದ ಬಾಡಿಗೆ ಬೇರೆ, ನೀರಿಗೆ ಬೇರೆ, ನೆಲಕ್ಕೆ ಬೇರೆ. (2023ರ ಅಕ್ಟೋಬರ್‌ನಿಂದ ಆನ್‌ಲೈನ್ ಆಟಕ್ಕೆ ಕಟ್ಟುವ ಪೂರ್ತಿ ಹಣದ ಮೇಲೆ ಶೇಕಡಾ 28 ಜಿಎಸ್‌ಟಿ ಬಿತ್ತು. ಕೌಟಿಲ್ಯ ಮೃದು ಮನುಷ್ಯ.)

ಮನು ಇದನ್ನು ಒಪ್ಪುವುದಿಲ್ಲ. ಜೂಜನ್ನು ರಾಜ ತನ್ನ ನಾಡಿನಿಂದಲೇ ಹೊರಗಿಡಬೇಕು ಅನ್ನುತ್ತಾನೆ. ಯಾಜ್ಞವಲ್ಕ್ಯ ಮತ್ತೆ ಕೌಟಿಲ್ಯನ ದಾರಿ: ಒಂದೇ ಕಡೆ ನಡೆಸಿ, ಕಳ್ಳರ ಗುರುತು ಸಿಗುತ್ತದೆ. ಜೂಜಿನ ಮನೆ ನಡೆಸುವವನು ‘ಸಭಿಕ’. ಅವನು ರಾಜನ ಪಾಲನ್ನು ಸಲ್ಲಿಸಬೇಕು, ಸೋತವನಿಂದ ವಸೂಲಿ ಮಾಡಿ ಗೆದ್ದವನಿಗೆ ಕೊಡಬೇಕು, ನಿಜ ಮಾತಾಡಬೇಕು, ತಾಳ್ಮೆ ಇಟ್ಟುಕೊಳ್ಳಬೇಕು. ಆ್ಯಪ್‌ನ ‘ಗ್ರಾಹಕ ಸಹಾಯವಾಣಿ’ ಭಾಗವನ್ನು ಅನುವಾದಿಸುವಾಗ ನನಗೆ ಈ ಸಭಿಕನೇ ನೆನಪಾಗುತ್ತಿದ್ದ.

ಹೀಗೆ ಒಂದು ಶಾಸ್ತ್ರ ಬೇಡ ಅನ್ನುತ್ತದೆ, ಇನ್ನೊಂದು ಜಾಗ ಕೊಡಿ ಅನ್ನುತ್ತದೆ. ಇವೆರಡನ್ನೂ ಒಂದೇ ಮೇಜಿನ ಮೇಲಿಟ್ಟು ತೀರ್ಮಾನ ಮಾಡಿದವನು ನಮ್ಮ ನೆಲದವನು. ವಿಜ್ಞಾನೇಶ್ವರ ಇದ್ದದ್ದು ಕಲ್ಯಾಣದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. ಆಸ್ತಿ ಪಾಲಿನ ವಿಷಯದಲ್ಲಿ ಬ್ರಿಟಿಷ್ ಕೋರ್ಟುಗಳೂ ಅದನ್ನು ಹಿಡಿದುಕೊಂಡದ್ದರಿಂದ ಆ ಭಾಗ ಎಲ್ಲರಿಗೂ ಗೊತ್ತು. ಜೂಜಿನ ಭಾಗವನ್ನು ಓದುವವರು ಕಡಿಮೆ. ಅಲ್ಲಿ ಅವನು ಹೇಳುವುದಿಷ್ಟು: ಮನುವಿನ ನಿಷೇಧ ಮೋಸದ ದಾಳದ ಆಟಕ್ಕೆ, ಮತ್ತು ರಾಜನ ಅಧ್ಯಕ್ಷನಾಗಲಿ ಸಭಿಕನಾಗಲಿ ಇಲ್ಲದೆ ನಡೆಯುವ ಆಟಕ್ಕೆ ಅನ್ವಯಿಸುತ್ತದೆ.

ಎಂಥ ಜಾಣ ಸಾಲು ನೋಡಿ. ಪಾಪ ಇರುವುದು ಆಟದಲ್ಲಲ್ಲ, ವಿಳಾಸವಿಲ್ಲದಿರುವುದರಲ್ಲಿ. ಪರವಾನಗಿ ಇದ್ದರೆ ಮನುವೂ ಸುಮ್ಮನಾಗುತ್ತಾನೆ. ನಂತರದ ಒಂಬತ್ತು ಶತಮಾನಗಳಲ್ಲಿ ನಮ್ಮ ಸರ್ಕಾರಗಳು ಇದಕ್ಕಿಂತ ಹೊಸದೇನನ್ನಾದರೂ ಹೇಳಿವೆಯೇ ಎಂದು ನನಗೆ ಅನುಮಾನ.

ಶಾಸ್ತ್ರಕಾರರು ಇನ್ನೊಂದು ಉಪಕಾರ ಮಾಡಿದ್ದಾರೆ. ಜೀವವಿಲ್ಲದ ದಾಳದಿಂದ ಆಡಿದರೆ ‘ದ್ಯೂತ’, ಜೀವವಿರುವ ಪ್ರಾಣಿಗಳ ಮೇಲೆ ಪಣ ಕಟ್ಟಿದರೆ ‘ಸಮಾಹ್ವಯ’. ತುಳುನಾಡಿನ ಕೋಳಿಅಂಕ ಸಮಾಹ್ವಯ. ಕುದುರೆ ರೇಸೂ ಅದೇ. ಪೆರುಂಗುಡಿಯಿಂದ ಎಂಟು ಕಿಲೋಮೀಟರ್ ಆಸುಪಾಸಿನಲ್ಲಿ, ವೇಳಚ್ಚೇರಿ ದಾಟಿದರೆ ಸಿಗುವ ಗಿಂಡಿಯಲ್ಲಿ ದಕ್ಷಿಣ ಭಾರತದ ಬಹುದೊಡ್ಡ ಸಮಾಹ್ವಯ ನಡೆಯುತ್ತಿತ್ತು.

ಗಿಂಡಿಯ ಕತೆ ಹೇಳುವ ಮುಂಚೆ ಬೆಂಗಳೂರಿನ ಒಂದು ವಾರಪತ್ರಿಕೆಯ ಕತೆ ಹೇಳಬೇಕು. ‘ಎಲ್ಲಿ’ ಎಂಬ ಪ್ರಶ್ನೆ ಮೊದಲ ಸಲ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಅದರಿಂದಲೇ ಎನ್ನಬಹುದು. ಪತ್ರಿಕೆಯ ಹೆಸರು ‘ಸ್ಪೋರ್ಟಿಂಗ್ ಸ್ಟಾರ್’. ಅದನ್ನು ನಡೆಸಿದವರು ಆರ್.ಎಂ.ಡಿ. ಚಮರ್‌ಬಾಗ್‌ವಾಲಾ. ಅದರ ಜೀವಾಳ ಬಹುಮಾನದ ಪದಬಂಧ: ಕೂಪನ್ ತುಂಬಿ, ಶುಲ್ಕ ಕಟ್ಟಿ, ಮೊಹರು ಮಾಡಿಟ್ಟ ಉತ್ತರಕ್ಕೆ ಹೊಂದಿದರೆ ಹಣ. ಪದಬಂಧ ಅಂದರೆ ಭಾಷೆಯ ಆಟ ತಾನೆ, ಇದು ಕೌಶಲವಲ್ಲವೇ ಎನ್ನಬಹುದು. ಆದರೆ ಒಂದು ಸುಳಿವಿಗೆ ಎರಡು ಮೂರು ಪದ ಹೊಂದುತ್ತಿದ್ದು, ಸಂಪಾದಕರ ಲಕೋಟೆಯಲ್ಲಿರುವುದು ಯಾವುದೆಂದು ಊಹಿಸಬೇಕಾದರೆ ಅದು ನಿಘಂಟಿನ ಕೆಲಸವಲ್ಲ, ದಾಳದ ಕೆಲಸ.

ಮೈಸೂರು ರಾಜ್ಯ 1951ರಲ್ಲಿ ಲಾಟರಿ ಮತ್ತು ಬಹುಮಾನ ಸ್ಪರ್ಧೆಗಳನ್ನು ನಿಯಂತ್ರಿಸಿ ತೆರಿಗೆ ಹಾಕುವ ಕಾನೂನು ಮಾಡಿತ್ತು. ಪತ್ರಿಕೆ ಬೆಂಗಳೂರಿನಲ್ಲಿ ಅಚ್ಚಾಗುತ್ತಿತ್ತು, ಮೈಸೂರಿನ ಪರವಾನಗಿ ಇತ್ತು, ತೆರಿಗೆ ಮೈಸೂರಿಗೆ ಹೋಗುತ್ತಿತ್ತು. ಆದರೆ ಕೂಪನ್ ತುಂಬುವವರು ಬಹಳ ಮಂದಿ ಬೊಂಬಾಯಿಯಲ್ಲಿದ್ದರು. ಬೊಂಬಾಯಿ ಸರ್ಕಾರ 1952ರಲ್ಲಿ ತನ್ನ ಕಾನೂನು ತಿದ್ದಿ, ಹೊರಗೆ ಅಚ್ಚಾಗಿ ತನ್ನಲ್ಲಿ ಹಂಚಿಕೆಯಾಗುವ ಪತ್ರಿಕೆಗಳ ಸ್ಪರ್ಧೆಗಳ ಮೇಲೂ ತೆರಿಗೆ ಹೇರಿತು. ಚಮರ್‌ಬಾಗ್‌ವಾಲಾ ಕೋರ್ಟಿಗೆ ಹೋದರು. ಆಟ ನಡೆಯುತ್ತಿರುವುದು ಬೆಂಗಳೂರಿನಲ್ಲಿ, ಬೊಂಬಾಯಿಗೇನು ಅಧಿಕಾರ? ಹೈಕೋರ್ಟಿನಲ್ಲಿ ಗೆದ್ದರು. 1957ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು.

ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಬರೆದ ಆ ತೀರ್ಪು ಋಗ್ವೇದದ ಜೂಜುಕೋರನ ಗೋಳಿನಿಂದ ಮಹಾಭಾರತದವರೆಗೆ ನಡೆದು, ಜೂಜು ವ್ಯಾಪಾರವೇ ಅಲ್ಲ, ಆದ್ದರಿಂದ ಸಂವಿಧಾನ ವ್ಯಾಪಾರಕ್ಕೆ ಕೊಟ್ಟ ಸ್ವಾತಂತ್ರ್ಯ ಅದಕ್ಕಿಲ್ಲ ಎಂದಿತು. ವಕೀಲರು ಇಂದಿಗೂ ಉಲ್ಲೇಖಿಸುವುದು ಆ ಮಾತನ್ನು. ನನಗೆ ಹಿಡಿಸಿದ್ದು ತೀರ್ಪಿನ ಇನ್ನೊಂದು, ಸ್ವಲ್ಪ ಒಣಗಿದ ಭಾಗ. ಪತ್ರಿಕೆ ಬೊಂಬಾಯಿಯಲ್ಲಿ ಹರಡಿದೆ, ಆಹ್ವಾನ ಓದುಗನನ್ನು ಮುಟ್ಟುವುದು ಅಲ್ಲಿ, ಶುಲ್ಕ ಕಟ್ಟುವುದೂ ಅಲ್ಲಿ. ಇಷ್ಟು ನಂಟು ಸಾಕು ಎಂದಿತು ಕೋರ್ಟು. ಜೂಜಿನ ಮನೆ ಅಚ್ಚುಕೂಟದಲ್ಲಿಲ್ಲ, ಕೂಪನ್ ತುಂಬುವ ಕೈ ಎಲ್ಲಿದೆಯೋ ಅಲ್ಲಿದೆ. ನನ್ನ ಕಡತದಲ್ಲಿದ್ದ ರಾಜ್ಯಗಳ ಪಟ್ಟಿಯ ಮುತ್ತಜ್ಜ ಈ ‘ಸ್ಪೋರ್ಟಿಂಗ್ ಸ್ಟಾರ್’.

ಹತ್ತು ವರ್ಷದ ನಂತರ, 1967ರಲ್ಲಿ, ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ ಅದೇ ಕೋರ್ಟು ರಮ್ಮಿ ಪ್ರಧಾನವಾಗಿ ಕೌಶಲದ ಆಟ ಎಂದಿತು. ಆ್ಯಪ್‌ಗಳ ‘ಕೌಶಲ’ ಹುಟ್ಟಿದ್ದು ಅಲ್ಲಿ.

ಈಗ ಗಿಂಡಿ. ಕುದುರೆಯ ಮೇಲೆ ಬಾಜಿ ಕಟ್ಟುವುದಕ್ಕೆ ಮದ್ರಾಸಿನ ಹಳೆಯ ಕಾನೂನು ಕೊಟ್ಟಿದ್ದ ವಿನಾಯಿತಿಯೇ ಜಾಗದ ವಿನಾಯಿತಿ: ರೇಸಿನ ದಿನ, ಆವರಣದೊಳಗೆ ಗೊತ್ತುಪಡಿಸಿದ ಜಾಗದಲ್ಲಿ ಕಟ್ಟಿದರೆ ಅದು ಜೂಜಲ್ಲ. ಬೇಲಿಯ ಹೊರಗೆ ಕಾಲಿಟ್ಟು ಕಟ್ಟಿದರೆ ಜೂಜು. ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೂ ಇಂಥದೇ ಮಾತಿದೆ. ಏಕಮುಖ ಎಂದರೆ ಇದೇ ಅಲ್ಲವೇ?

1974ರಲ್ಲಿ ತಮಿಳುನಾಡು ಸರ್ಕಾರ ಕುದುರೆ ರೇಸನ್ನೇ ರದ್ದು ಮಾಡುವ ಕಾನೂನು ತಂದಿತು. ಕ್ಲಬ್ ಕೋರ್ಟಿಗೆ ಹೋಗಿ ತಡೆ ತಂದಿತು. 1986ರಲ್ಲಿ ಸರ್ಕಾರ ಮದ್ರಾಸ್ ರೇಸ್ ಕ್ಲಬ್ಬನ್ನೇ ವಶಪಡಿಸಿಕೊಳ್ಳುವ ಇನ್ನೊಂದು ಕಾನೂನು ಮಾಡಿತು. ಅದೂ ಕೋರ್ಟು ಹತ್ತಿತು. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಎರಡರ ಮೇಲೂ ತೀರ್ಪು ಕೊಟ್ಟಿತು: ಕುದುರೆ ರೇಸು ಕೌಶಲದ ಆಟ, 1974ರ ಕಾನೂನು ಅದಕ್ಕೆ ತಾಗುವುದಿಲ್ಲ, 1986ರದ್ದು ನಿಲ್ಲುವುದಿಲ್ಲ. ಇಪ್ಪತ್ತೆರಡು ವರ್ಷ ನೀತಿಯ ಹೆಸರಿನಲ್ಲಿ ನಡೆದ ಹೋರಾಟ ಅಲ್ಲಿಗೆ ಮುಗಿಯಿತು.

ಕೊನೆಗೆ ಗಿಂಡಿಯ ಬಾಗಿಲು ಮುಚ್ಚಿದ್ದು ನೀತಿಯಲ್ಲ, ಬಾಡಿಗೆ. 160.86 ಎಕರೆ ಜಾಗವನ್ನು 1945ರಲ್ಲಿ 99 ವರ್ಷದ ಗುತ್ತಿಗೆಗೆ ಕೊಡಲಾಗಿತ್ತು. ವರ್ಷಕ್ಕೆ ಬಾಡಿಗೆ 614 ರೂಪಾಯಿ ಚಿಲ್ಲರೆ. ಇಂದು ಪೆರುಂಗುಡಿಯಲ್ಲಿ ಆ ಹಣಕ್ಕೆ ಒಂದು ಕಾರು ನಿಲ್ಲಿಸುವ ಜಾಗವೂ ಒಂದು ತಿಂಗಳಿಗೆ ಸಿಗುವುದು ಕಷ್ಟ. 1970ರ ನಂತರದ ಪರಿಷ್ಕೃತ ಬಾಡಿಗೆ ಕಟ್ಟಿಲ್ಲವೆಂದು ಸರ್ಕಾರ ಲೆಕ್ಕ ಹಾಕಿತು, ಬಾಕಿ 730.86 ಕೋಟಿ. 2023ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟು ಸರ್ಕಾರದ ಪರ ಆದೇಶ ಕೊಟ್ಟಿತು. 2024ರ ಸೆಪ್ಟೆಂಬರ್ 9ರಂದು ಕಂದಾಯ ಅಧಿಕಾರಿಗಳು ಬಂದು ಬೀಗಮುದ್ರೆ ಹಾಕಿದರು. ಆಮೇಲೆ ಅಲ್ಲಿ ಉದ್ಯಾನ ಮಾಡುವ, ಮಳೆನೀರು ಹಿಡಿಯುವ ಕೆರೆಗಳನ್ನು ತೋಡುವ ಯೋಜನೆ ಬಂತು. ವ್ಯಾಜ್ಯವೂ ಬೆನ್ನಿಗೇ ಬಂತು.

ಕೆರೆಯ ಮಾತು ನನಗೆ ದೂರದ ಸುದ್ದಿಯಲ್ಲ. ವೇಳಚ್ಚೇರಿ ಪ್ರತಿ ಮಳೆಗಾಲ ಮುಳುಗುತ್ತದೆ. ಆ ನೀರು ಇಳಿದು ಬರುವುದು ಪಳ್ಳಿಕರಣೈ ಜೌಗಿಗೆ, ಅಂದರೆ ನಮ್ಮ ಮಗ್ಗುಲಿಗೆ. ಅದೇ ಜೌಗಿನ ಒಂದು ಅಂಚಿನಲ್ಲಿ ಪೆರುಂಗುಡಿಯ ಕಸದ ರಾಶಿ ದಶಕಗಟ್ಟಲೆ ಬೆಳೆದಿದೆ. ‘ಪೆರುಂ ಕುಡಿ’ ಎಂದರೆ ಹಿರಿಯ ನೆಲೆ. ನಮ್ಮ ‘ಪೆರ್’ ಹಕಾರಕ್ಕೆ ತಿರುಗಿ ಪೆರ್ಗಡೆ ಹೆಗ್ಗಡೆಯಾದ. ತಮಿಳಿನವರು ಪಕಾರ ಉಳಿಸಿಕೊಂಡರು. ಹಿರಿಯ ನೆಲೆಗೆ ಕಸ, ಗಿಂಡಿಗೆ ಕುದುರೆ: ಯಾವುದಕ್ಕೆ ಯಾವ ಜಾಗ ಎಂದು ಯಾರೋ ಒಂದು ಕಾಲದಲ್ಲಿ ಗೀಟು ಎಳೆದಿದ್ದರು. ಜೂಜಿಗೆ ಕೊಟ್ಟ ಬಯಲು ಕಟ್ಟಡವಾಗದೆ ಉಳಿದದ್ದರಿಂದಲೇ ಇಂದು ಅಲ್ಲಿ ಕೆರೆ ತೋಡುವ ಮಾತಾಡಬಹುದು ಎನ್ನುವುದನ್ನೂ ಒಪ್ಪಿಕೊಳ್ಳಬೇಕು.

ಬೆಂಗಳೂರಿನಲ್ಲಿ ಇದೇ ಜಗಳ ಮುಗಿಯದೆ ನಡೆದಿದೆ. ಟರ್ಫ್ ಕ್ಲಬ್ಬಿನ ಗುತ್ತಿಗೆ 2009ರ ಕೊನೆಗೆ ತೀರಿತು. ಊರಿನ ನಡುವೆ ಎಂಬತ್ತಕ್ಕೂ ಹೆಚ್ಚು ಎಕರೆ, ವಿಧಾನಸೌಧಕ್ಕೆ ಕೂಗಳತೆಯಲ್ಲಿ. ಚಿಕ್ಕಜಾಲ ಎಂದರು, ಕುಣಿಗಲ್ ಎಂದರು. ಎಲ್ಲಿಗೆ ಎಂಬುದರ ಬಗ್ಗೆ ಚರ್ಚೆ ಇದೆ. ಬೇಕೇ ಎಂಬುದರ ಬಗ್ಗೆ ಅಷ್ಟಿಲ್ಲ. ಗೋವಾದವರು ಇನ್ನೂ ಮುಂದೆ ಹೋಗಿ ನೆಲದ ಗೊಡವೆಯೇ ಬೇಡವೆಂದು 1996ರಲ್ಲಿ ಕಾನೂನು ತಿದ್ದಿ ಮೇಜಿನಾಟಗಳನ್ನು ಹಡಗಿಗೆ ಏರಿಸಿದರು. ಹಡಗುಗಳು ಎಲ್ಲಿಗೂ ಹೋಗುವುದಿಲ್ಲ. ಪಣಜಿಯ ಮುಂದೆ ಮಾಂಡೋವಿಯಲ್ಲಿ ಲಂಗರು ಹಾಕಿ ನಿಂತಿರುತ್ತವೆ, ಹುಬ್ಬಳ್ಳಿ-ಬೆಳಗಾವಿಯವರಿಗೆ ಕಾಯುತ್ತಾ. 2020ರ ಫೆಬ್ರುವರಿಯಿಂದ ಗೋವಾದವರಿಗೇ ಅಲ್ಲಿ ಆಡಲು ಪ್ರವೇಶವಿಲ್ಲವೆಂದು ಅಲ್ಲಿನ ಸರ್ಕಾರ ಸಾರಿತು. ಮೊನಾಕೊದಲ್ಲೂ ಹೀಗೇ, ಸ್ವಂತ ಪ್ರಜೆಗಳಿಗೆ ಕ್ಯಾಸಿನೊ ನಿಷಿದ್ಧ. ಊರಿಗೆ ಬೇಕಾದದ್ದು ಜೂಜಿನ ದುಡ್ಡು, ಸೋತವನು ಪಕ್ಕದೂರಿನವನಾಗಿರಲಿ.

ಇವೆಲ್ಲಕ್ಕೂ ಆಧಾರವಾಗಿದ್ದದ್ದು ಬೇಲಿ. ಬೇಲಿ ಇದ್ದರೆ ಹೋಗುವವನನ್ನು ಅಣ್ಣನೋ ನೆರೆಯವನೋ ನೋಡುತ್ತಾನೆ, ಕತ್ತಲಾದ ಮೇಲೆ ಬಾಗಿಲು ಮುಚ್ಚುತ್ತದೆ, ಮನೆಗೆ ಬರುವ ದಾರಿಯಲ್ಲಿ ಒಂದಿಷ್ಟು ಹೊತ್ತಾದರೂ ತಲೆ ತಣ್ಣಗಾಗುತ್ತದೆ. ‘ಮೃಚ್ಛಕಟಿಕ’ದಲ್ಲಿ ಸೋತ ಸಂವಾಹಕ ಜೂಜಿನ ಮನೆಯಿಂದ ಓಡಿ, ಬರಿದಾದ ಗುಡಿಯೊಂದರಲ್ಲಿ ವಿಗ್ರಹದಂತೆ ನಿಂತು ಬಚ್ಚಿಟ್ಟುಕೊಳ್ಳುತ್ತಾನೆ. ಓಡಿಹೋಗಲು ಅವನಿಗೆ ಒಂದು ಹೊರಗು ಇತ್ತು. ನಾನು ಅನುವಾದಿಸಿದ ಆ್ಯಪ್‌ನಲ್ಲಿ ಹೊರಗು ಇರಲಿಲ್ಲ. ಅದು ಹಾಸಿಗೆಯಲ್ಲಿತ್ತು, ಬಸ್ಸಿನಲ್ಲಿತ್ತು, ಆಫೀಸಿನ ಶೌಚಾಲಯದಲ್ಲಿತ್ತು. ರಾತ್ರಿ ಎರಡಕ್ಕೆ ‘ಮತ್ತೊಮ್ಮೆ ಪ್ರಯತ್ನಿಸಿ’ ಎಂದು ಕನ್ನಡದಲ್ಲಿ ಹೇಳುತ್ತಿದ್ದದ್ದು ನನ್ನ ವಾಕ್ಯ.

ಕರ್ನಾಟಕ 2021ರಲ್ಲಿ ಆನ್‌ಲೈನ್ ಹಣದಾಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯನ್ನು ಹೊಡೆದುಹಾಕಿತು. ತಮಿಳುನಾಡಿನ ಕಾನೂನು 2023ರ ನವೆಂಬರ್‌ನಲ್ಲಿ ಅರ್ಧ ಉಳಿಯಿತು: ರಮ್ಮಿ, ಪೋಕರ್ ಎರಡೂ ಕೌಶಲ ಎಂದು ಕೋರ್ಟು ಅವನ್ನು ಹೊರಗಿಟ್ಟಿತು. ಆಗ ಪಟ್ಟಿಯನ್ನು ತಿದ್ದಿ ಕಳಿಸಿ ಎಂದು ನನಗೊಂದು ಮೇಲ್ ಬಂತು. ಒಂದೇ ಪದ ಅಳಿಸುವ ಕೆಲಸ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲ, ಅದೃಷ್ಟ ಎಂಬ ಭೇದವನ್ನೇ ಬಿಟ್ಟು, ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ಇಡೀ ದೇಶದಲ್ಲಿ ನಿಷೇಧಿಸುವ ಕಾನೂನು ಮಾಡಿತು. ಮನು ಗೆದ್ದ, ಸದ್ಯಕ್ಕೆ. ಗಿಂಡಿಯ ಹಾಗೆ ಇದೂ ಕೋರ್ಟಿನ ಮೆಟ್ಟಿಲಲ್ಲಿದೆ.

ಆ ವಾರವೇ ಕೊನೆಯ ಕಡತ ಬಂತು. ಒಂಬತ್ತು ಸಾಲು: ಹಣದಾಟ ನಿಲ್ಲಿಸಲಾಗಿದೆ, ನಿಮ್ಮ ಖಾತೆಯ ಹಣ ಹಿಂಪಡೆಯಿರಿ, ಇತ್ಯಾದಿ. ನಿಷೇಧಿತ ಪದಗಳ ಅಂಕಣ ಈ ಸಲವೂ ಜೊತೆಯಲ್ಲೇ ಇತ್ತು. ಕೆಳಗೆ ಒಂದು ಗುಂಡಿ, ಆ್ಯಪ್‌ನ ಮೊದಲ ಪುಟಕ್ಕೆ ಮರಳಲು. ಹಿಂದಿನ ಕಡತದಲ್ಲಿ ನಾನು ಅದಕ್ಕೆ ‘ಮುಖಪುಟ’ ಎಂದು ಕೊಟ್ಟಿದ್ದೆ. ಪರಿಶೀಲಿಸಿದವರು ಯಾರೋ ಅದನ್ನು ಹೊಡೆದು ‘ಮನೆ’ ಎಂದು ಬರೆದಿದ್ದರು. ಹಾಗೇ ಬಿಟ್ಟು ಕಳಿಸಿದೆ.